ನೂಲಿಗೆ ಹೋದ ಹಿಟ್ಟು

ರಬಕವಿಯ ಆ ಓಣಿಯಲ್ಲಿ ಬೆಳಿಗ್ಗೆ ನಡೆಯಬೇಕೆಂದರೆ ಗೋಡೆಗೆ ಮೈ ಒರಸಿಕೊಂಡೇ ನಡೆಯಬೇಕಿತ್ತು. ಓಣಿಯ ಉದ್ದಕ್ಕೂ ಸೀರೆಯ ಹಾಸಿನ ನೂಲನ್ನು, ಅಂದರೆ ಮಗ್ಗದ ಉದ್ದನೆಯ ಎಳೆಗಳನ್ನು, ಕವೆಗೋಲುಗಳ ಮೇಲೆ ಬಿಗಿದು ಚಾಚಿರುತ್ತಿದ್ದರು. ಗಂಡಸರು ಹೆಂಗಸರು ಎರಡೂ ಬದಿಗೆ ನಿಂತು ಕುಂಚದಿಂದ ಗಂಜಿ ಹಚ್ಚುತ್ತ ಹೆಜ್ಜೆ ಹೆಜ್ಜೆಯಾಗಿ ಮುಂದೆ ಸರಿಯುತ್ತಿದ್ದರು. ಬಿಸಿಲು ಏರುವುದರೊಳಗೆ ಹಚ್ಚಿ ಮುಗಿಸಬೇಕು. ಏರಿದ ಬಿಸಿಲಿಗೆ ಅದು ಒಣಗಬೇಕು. ಗಂಜಿ ಕುಡಿಯದ ನೂಲು ಮಗ್ಗದ ಎಳೆತಕ್ಕೆ ತಡೆಯುವುದಿಲ್ಲ. ಲಾಳಿ ನಾಲ್ಕು ಸಲ ಓಡಾಡುವುದರೊಳಗೆ ಹರಿಯುತ್ತದೆ.

ಇದನ್ನೆಲ್ಲ ನಾನು ತಿಂಗಳುಗಟ್ಟಲೆ ನೋಡಿದ್ದೆ. ನೋಡಿದ್ದೆನೆಂದು ಈಗ ಬರೆಯುವುದು ಸುಲಭ. ಆ ಕಾಲದ ನನ್ನ ದಿನಚರಿಯನ್ನು ತೆಗೆದರೆ ಗಂಜಿಯ ಮಾತು ಒಂದೇ ಸಲ ಬರುತ್ತದೆ, ಅದೂ ನನ್ನ ಧೋತರಕ್ಕೆ ಕಲೆಯಾಯಿತೆಂಬ ಸಿಟ್ಟಿನಲ್ಲಿ. ಆದ್ದರಿಂದ ಕೆಳಗೆ ಬರೆದದ್ದರಲ್ಲಿ ಯಾವುದನ್ನು ಆಗಲೇ ಕಂಡಿದ್ದೆ, ಯಾವುದನ್ನು ಆಮೇಲೆ ತಿಳಿದು ಹಿಂದಕ್ಕೆ ಒಯ್ದು ಇಟ್ಟುಕೊಂಡಿದ್ದೇನೆ ಎಂಬುದನ್ನು ಖಚಿತವಾಗಿ ಹೇಳಲಾರೆ. ಮಾತುಗಳು ಮಾತ್ರ ಬಹುಮಟ್ಟಿಗೆ ಹಾಗೇ ಇವೆ. ಆ ಜನರ ಮಾತು ಮರೆಯುವಂಥದ್ದಲ್ಲ.

ಸಂಸ್ಥಾನಗಳು ಮುಂಬಯಿ ರಾಜ್ಯದಲ್ಲಿ ವಿಲೀನವಾಗಿ ಹೆಚ್ಚು ಕಾಲವಾಗಿರಲಿಲ್ಲ. ಒಂದು ಸಂಸ್ಥಾನದಿಂದ ಇನ್ನೊಂದಕ್ಕೆ ಹೋಗುವ ಸರಕಿಗೆ ಸುಂಕ ವಸೂಲಿ ಮಾಡುತ್ತಿದ್ದ ಕಟ್ಟೆಗಳು ಖಾಲಿ ಬಿದ್ದಿದ್ದವು. ಅಂಥ ಒಂದು ಸುಂಕದ ಕಟ್ಟೆಯಲ್ಲೇ ನಮ್ಮ ಕೇಂದ್ರ ಇತ್ತು. ಮುಂದೆ ಒಂದು ಪಡಸಾಲೆ, ಹಿಂದೆ ಒಂದು ಕೋಣೆ, ನಡುವೆ ಮಣ್ಣಿನ ಗೋಡೆ. ಕೂಲಿ ನೇಯುವ ಬಡ ಕುಟುಂಬಗಳಿಗೆ ಚೀಟಿ ಕೊಟ್ಟು, ವಾರಕ್ಕೊಮ್ಮೆ ಗೋಧಿ ಹಿಟ್ಟನ್ನು ಸವಲತ್ತಿನ ದರದಲ್ಲಿ ಹಂಚುವುದು ನನ್ನ ಕೆಲಸ. ಪೇಟೆಯ ದರಕ್ಕೂ ನಮ್ಮ ದರಕ್ಕೂ ನಡುವಿನ ಅಂತರವನ್ನು ಸರಕಾರ ತುಂಬುತ್ತಿತ್ತು. ಬರೀ ಜೋಳ ತಿನ್ನುವ ಮಕ್ಕಳಿಗೆ ಗೋಧಿ ಸಿಕ್ಕರೆ ಮೈ ತುಂಬುತ್ತದೆ ಎಂಬುದು ಯೋಜನೆ ಬರೆದವರ ಲೆಕ್ಕಾಚಾರ. ಮೈ ತುಂಬಿತೋ ಇಲ್ಲವೋ ಎಂದು ನೋಡಲು ಮಕ್ಕಳನ್ನು ಆಗಾಗ ತೂಗಬೇಕಿತ್ತು. ಸುಂಕದ ಕಟ್ಟೆಯ ಹಳೆಯ ತಕ್ಕಡಿಯೇ ಅದಕ್ಕೆ ಸಾಕಾಯಿತು. ಬೆಲ್ಲ, ನೂಲು ತೂಗುತ್ತಿದ್ದ ತಟ್ಟೆಗೆ ಬುಟ್ಟಿ ಕಟ್ಟಿ ಮಕ್ಕಳನ್ನು ಕೂಡಿಸುತ್ತಿದ್ದೆವು. ಮಕ್ಕಳನ್ನು ತೂಗಿದರೆ ದೃಷ್ಟಿಯಾಗುತ್ತದೆಂದು ತಾಯಂದಿರು ಮೊದಮೊದಲು ಕೆನ್ನೆಗೆ ಕಪ್ಪು ಹಚ್ಚಿ ತರುತ್ತಿದ್ದರು. ಒಬ್ಬ ಮುದುಕಿ, ‘ಸಂತ್ಯಾಗ ಕುರಿಮರಿ ತೂಗಿಧಾಂಗ ತೂಗತಾನವ್ವ ಇಂವಾ’ ಎಂದು ನನ್ನೆದುರಿಗೇ ಅಂದಿದ್ದಳು.

ಹಿಟ್ಟು ಒಂದು ಹಿಡಿಯೂ ಉಳಿಯದಂತೆ ಹೋಗುತ್ತಿತ್ತು. ಮಕ್ಕಳ ತೂಕ ಮಾತ್ರ ಏರಲಿಲ್ಲ. ಮೊದಲು ತಕ್ಕಡಿಯ ಮೇಲೆ ಸಂಶಯಪಟ್ಟೆ. ತೂಕದ ಬಟ್ಟುಗಳನ್ನು ಜಮಖಂಡಿಗೆ ಒಯ್ದು ತಾಳೆ ನೋಡಿಸಿ ತಂದೆ, ಸರಿಯಾಗಿಯೇ ಇದ್ದವು. ಆಮೇಲೆ ಜನರ ಮೇಲೆ ಸಂಶಯಪಟ್ಟೆ. ಕಡಿಮೆ ದರಕ್ಕೆ ಒಯ್ದು ಪೇಟೆಯಲ್ಲಿ ಮಾರುತ್ತಿದ್ದಾರೆ ಎಂದುಕೊಂಡೆ. ಧಾರವಾಡದಲ್ಲಿ ಅರ್ಥಶಾಸ್ತ್ರ ಓದಿದವನಿಗೆ ಅದಕ್ಕಿಂತ ಬೇರೆ ಹೊಳೆಯುವುದು ಕಷ್ಟ.

ಮನೆ ಮನೆಗೆ ಹೋಗಿ ನೋಡೋಣವೆಂದು ಹೊರಟೆ. ಮೊದಲು ಹೊಕ್ಕದ್ದು ಓಣಿಯ ನಡುವಿನ ಒಂದು ಮನೆ. ಗಂಡ ಮಗ್ಗದ ಕುಣಿಯಲ್ಲಿ ಕಾಲು ಬಿಟ್ಟು ಕೂತು ನೇಯುತ್ತಿದ್ದ. ಹೆಂಡತಿ ರಾಟಿಯ ಮುಂದೆ ಕೂತು ಲಾಳಿಗೆ ಹಾಕುವ ಕಂಡಿಕಿ ಸುತ್ತುತ್ತಿದ್ದಳು. ತುಂಬಿದ ಬಸುರಿ. ಹಿರಿಯ ಮಗು, ನಮ್ಮ ಬುಟ್ಟಿಯಲ್ಲಿ ಕೂಡುತ್ತಿದ್ದ ಗಂಡುಹುಡುಗ, ನೂಲಿನ ಚೂರುಗಳಲ್ಲಿ ಆಡುತ್ತಿದ್ದ. ಅತ್ತೆ ಒಲೆಯ ಹತ್ತಿರ ಇದ್ದಳು.

‘ಮೊನ್ನೆ ಒಯ್ದ ಹಿಟ್ಟು ಏನ ಮಾಡಿದಿ ತಂಗಿ?’ ಎಂದೆ.

‘ಏನ ಮಾಡೋದ್ರಿ? ಆತು’ ಎಂದಳು ಹೆಂಡತಿ, ರಾಟಿ ನಿಲ್ಲಿಸದೆ.

‘ಅಷ್ಟೂ ಉಂಡ್ರ್ಯಾ?’

ಒಲೆಯ ಹತ್ತಿರದಿಂದ ಅತ್ತೆ ಉತ್ತರ ಕೊಟ್ಟಳು. ‘ಗೋಧಿ ದಿನಾ ಉಣ್ಣಾಕ ನಾವೇನ ಅರಮನ್ಯಾಗ ಹುಟ್ಟೇವೇನೋ ತಮ್ಮಾ? ಹಬ್ಬಕ್ಕ ನಾಲ್ಕ ಹೋಳಿಗಿ ಆದ್ರ ಅದ ದೊಡ್ಡದು. ದಿನಾ ಹಬ್ಬ ಮಾಡಿದ್ರ ದೇವರಿಗೂ ಹೊಟ್ಟಿ ಕೆಡತೈತಿ.’

‘ಹಂಗಾದ್ರ ಮಾರಿದ್ರೇನು?’

ರಾಟಿ ನಿಂತಿತು. ಗಂಡ ಲಾಳಿಯನ್ನು ಕೈಯಲ್ಲೇ ಹಿಡಿದು, ‘ಮಾರಿಲ್ರಿ ಸಾಹೇಬ್ರ. ಮಾರಿದ್ರ ಚೀಟಿ ಕಸಗೊಳ್ಳಾಂಗಿಲ್ಲೇನ್ರಿ ನೀವು?’ ಎಂದ.

‘ಮತ್ತ ಎಲ್ಲಿ ಹೋತು?’

ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ‘ದಿನಾ ಅದರ ಬಾಜೂಕ ಹಾದ ಬರ್ತೀರಲ್ರಿ. ಮೊನ್ನೆ ನಿಮ್ಮ ಧೋತರಕ್ಕೂ ಒಂದೀಟು ಉಣಿಸೇವಿ.’

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಮುಚ್ಚಿಟ್ಟದ್ದು ಏನೂ ಇರಲಿಲ್ಲ. ಸರಕಾರದ ಗೋಧಿ ಹಿಟ್ಟು ದಿನಾ ಬೆಳಿಗ್ಗೆ ನನ್ನ ಕಣ್ಣೆದುರಿಗೇ ಓಣಿಯ ನೂಲಿನ ಮೇಲೆ ಒಣಗುತ್ತಿತ್ತು.

ಗಂಡ ಮಗ್ಗದ ಮೇಲಿನ ಎಳೆಯನ್ನು ಎರಡು ಬೆರಳಿನಲ್ಲಿ ಹಿಡಿದು ಜಾರಿಸಿ ತೋರಿಸಿದ. ‘ಜ್ವಾಳದ ಗಂಜಿ ಹಚ್ಚಿದ್ರ ನೂಲು ಒರಟ ಆಗತೈತ್ರಿ. ಇದು ನೋಡ್ರಿ, ಎಣ್ಣಿ ಹಚ್ಚಿಧಾಂಗ. ಸೀರಿಗೆ ಹೊಳಪ ಬರ್ತೈತಿ. ಸಾವಕಾರ ಕೈಯಾಡಿಸಿ ನೋಡಿ, ಕೂಲಿ ಮುರಿಯೂದು ಬಿಟ್ಟಾನ.’

‘ಸರಕಾರದ ಹಿಟ್ಟು ಬರೋಕಿಂತ ಮೊದಲ ಏನ ಹಚ್ಚತಿದ್ರಿ?’

‘ಮೊದಲ ಬ್ಯಾರೆ ಇತ್ರಿ’ ಎಂದು ಅವನು ಹೆಂಡತಿಯ ಕಡೆ ನೋಡಿದ. ಅವಳು ರಾಟಿ ತಿರುವಿದಳು. ಸಾವಕಾರನೆಂದರೆ ನೂಲು ಕೊಟ್ಟು ಸೀರೆ ಒಯ್ದು ಕೂಲಿ ಕೊಡುವವನು. ಅವನ ಮಾತನ್ನು ನೇಕಾರರು ಸರಕಾರದವರ ಮುಂದೆ ಆಡುವುದಿಲ್ಲ. ಇದು ಆಗ ನನಗೆ ಗೊತ್ತಿರಲಿಲ್ಲ. ಕಳ್ಳತನ ಸಿಕ್ಕಿಬಿದ್ದ ನಾಚಿಕೆ ಎಂದುಕೊಂಡೆ.

ಜಮಖಂಡಿಯ ಮಾಮಲೇದಾರ ಕಚೇರಿಯಲ್ಲಿ ನಮ್ಮ ಕಾಗದ ನೋಡುತ್ತಿದ್ದವರು ಅವ್ವಲ ಕಾರಕೂನರು, ಅಂದರೆ ಹಿರಿಯ ಗುಮಾಸ್ತರು. ಸಂಸ್ಥಾನದ ಕಾಲದಿಂದ ಅದೇ ಮೇಜಿಗೆ ಕೂತಿದ್ದವರು. ಅರಸರು ಹೋಗಿ ಸರಕಾರ ಬಂದದ್ದು ಅವರ ಮಟ್ಟಿಗೆ ಮುದ್ರೆ ಬದಲಾದಷ್ಟೇ. ನಾನು ಸಂಗತಿಯನ್ನು ಹೇಳಿದೆ.

‘ತಿನ್ನೋ ಹಿಟ್ಟು ನೂಲಿಗೆ ಹಚ್ಚಿದ್ರಂದ್ರ ದುರುಪಯೋಗ. ಚೀಟಿ ರದ್ದು ಮಾಡ್ರಿ’ ಎಂದರು.

‘ಓಣಿಗೆ ಓಣೀನ ರದ್ದು ಮಾಡಬೇಕಾಗತದ್ರಿ.’

‘ಚೀಟಿ ಇಲ್ಲಂದ್ರ ಕೇಂದ್ರ ಯಾತಕ್ಕ ಬೇಕು? ಕೇಂದ್ರ ಇಲ್ಲಂದ್ರ ನೀವ ಯಾತಕ್ಕ ಬೇಕು? ಬಸ್ಸಿನ್ಯಾಗ ಕೂತು ವಿಚಾರ ಮಾಡ್ರಿ.’

ಬಸ್ಸಿನಲ್ಲಿ ಕೂತು ವಿಚಾರ ಮಾಡಿದೆ. ನೂಲು ತಿನ್ನಲಾರದ ಆಹಾರ ಕೊಡಬೇಕು. ಶೇಂಗಾ, ಪುಠಾಣಿ, ಬೆಲ್ಲ ಕುಟ್ಟಿ ಉಂಡಿ ಕಟ್ಟಿದರೆ ಗೋಧಿಗಿಂತ ಹೆಚ್ಚು ಸತ್ವ. ಶೇಂಗಾದ ಜಿಡ್ಡಿಗೆ ಗಂಜಿ ಹಿಡಿಯುವುದಿಲ್ಲ, ಬೆಲ್ಲ ಹಚ್ಚಿದ ನೂಲಿಗೆ ಇರುವೆ ಇಲಿ ಬರುತ್ತವೆ. ಮಕ್ಕಳನ್ನು ಕೇಂದ್ರದ ಪಡಸಾಲೆಯಲ್ಲಿ ಸಾಲಾಗಿ ಕೂಡಿಸಿ ನಮ್ಮೆದುರಿಗೇ ತಿನ್ನಿಸಿದರೆ ಮುಗಿಯಿತು. ಅದೇ ಹಣದಲ್ಲಿ ಇದು ಸಾಧ್ಯವೆಂದು ಬರೆದು ಕಳಿಸಿದೆ. ಮಂಜೂರಾಯಿತು. ಲೆಕ್ಕದ ಪುಸ್ತಕದಲ್ಲಿ ಗೋಧಿ ಹಿಟ್ಟಿನ ಬಾಬು, ಅಂದರೆ ಅದರ ಖರ್ಚಿನ ಖಾತೆ, ಮುಚ್ಚಿ ಉಂಡಿಯ ಬಾಬು ತೆರೆದರು. ಉಳಿದ ಹಿಟ್ಟಿನ ಚೀಲಗಳನ್ನು ಮುಂದಿನ ಹುಕುಮು ಬರುವವರೆಗೆ ಹಿಂದಿನ ಕೋಣೆಯಲ್ಲಿ ಇಡಲು ಹೇಳಿದರು. ಆ ದಿನದ ನನ್ನ ಬರಹದಲ್ಲಿ ಸಂತೋಷವಿದೆ. ಅದನ್ನು ಈಗ ಸಣ್ಣದು ಮಾಡಿ ಹೇಳಿದರೆ ಸುಳ್ಳಾಗುತ್ತದೆ.

ಬನಹಟ್ಟಿಯ ಒಬ್ಬ ಹೆಂಗಸು ಬಂದು ಉಂಡಿ ಕಟ್ಟುತ್ತಿದ್ದಳು. ಮಕ್ಕಳು ಗೋಡೆಗೆ ಬೆನ್ನು ಕೊಟ್ಟು ಕೂತು ತಿನ್ನುತ್ತಿದ್ದವು. ತೂಕ ಏರಿತು. ತಕ್ಕಡಿಗೆ ಸಣ್ಣ ಬಟ್ಟು ಸಾಲದೆ ದೊಡ್ಡ ಬಟ್ಟು ಹಾಕುವಾಗ ತಾಯಂದಿರೂ ನಗುತ್ತಿದ್ದರು. ಅವ್ವಲ ಕಾರಕೂನರು, ಮುಧೋಳ ಬೀಳಗಿಯಲ್ಲೂ ಗೋಧಿ ನಿಲ್ಲಿಸಿ ಇದನ್ನೇ ಸುರು ಮಾಡುವ ಮಾತು ನಡೆದಿದೆಯೆಂದು ತಿಳಿಸಿದರು.

ಆ ಕಂಡಿಕಿ ಸುತ್ತುವ ಹೆಣ್ಣುಮಗಳು ಹಡೆದಳು. ಬಾಣಂತಿತನ ಮುಗಿಯುವ ಮೊದಲೇ ಹಿರಿಯ ಹುಡುಗನನ್ನು ಕರೆದುಕೊಂಡು, ಕೂಸನ್ನು ಮಡಿಲಲ್ಲಿಟ್ಟುಕೊಂಡು ಬರತೊಡಗಿದಳು. ಹೆಣ್ಣುಕೂಸು. ಹುಡುಗ ಉಂಡಿ ತಿನ್ನುವವರೆಗೆ ಅವಳು ಪಡಸಾಲೆಯ ಹಿಂಗೋಡೆಗೆ ಒರಗಿ ಕೂಡುತ್ತಿದ್ದಳು.

‘ಹಿಟ್ಟು ಯಾವಾಗ ಕೊಡ್ತೀರಿ ಸಾಹೇಬ್ರ?’ ಎಂದು ಒಂದು ದಿನ ಕೇಳಿದಳು.

‘ಹಿಟ್ಟು ನಿಂತೈತಿ. ಈಗ ಉಂಡಿ.’

‘ಉಂಡಿ ಛಲೋ ಐತ್ರಿ. ನನ್ನ ಮಗನ ಗಲ್ಲ ನೋಡ್ರಿ ಹೆಂಗ ಆಗ್ಯಾವು. ಆದ್ರ ಹಿಟ್ಟೂ ಬೇಕ್ರಿ.’

‘ಎರಡೂ ಕೊಡಾಕ ಬರಂಗಿಲ್ಲ ತಂಗಿ.’

ಅವಳೊಬ್ಬಳೇ ಅಲ್ಲ, ಓಣಿಯ ಎಲ್ಲರೂ ಕೇಳುತ್ತಿದ್ದರು. ಎಷ್ಟು ಕೊಟ್ಟರೂ ಇವರಿಗೆ ಸಾಲದು ಎಂದು ನಾನು ಬರೆದಿಟ್ಟಿದ್ದೇನೆ. ಅಕ್ಷರ ನನ್ನದೇ.

ಕೂಸು ಮೊದಲು ಜೋರಾಗಿ ಅಳುತ್ತಿತ್ತು. ಆಮೇಲೆ ಅಳುವಿನ ದನಿ ಸಣ್ಣದಾಯಿತು. ಆಮೇಲೆ ಅದು ಅಳುವುದನ್ನು ಬಿಟ್ಟು ತಾಯಿಯ ಮುಖವನ್ನು ನೋಡುತ್ತ ಮಲಗಿರುತ್ತಿತ್ತು. ಹಾಲುಗೂಸುಗಳನ್ನು ತೂಗುವ ಪದ್ಧತಿ ನಮ್ಮಲ್ಲಿ ಇರಲಿಲ್ಲ, ಏಕೆಂದರೆ ಅವು ಉಂಡಿ ತಿನ್ನುವುದಿಲ್ಲ. ತಾಯಂದಿರನ್ನೂ ತೂಗುತ್ತಿರಲಿಲ್ಲ. ಒಂದು ಸಲ ಅವಳು ಏಳುವಾಗ ಗೋಡೆ ಹಿಡಿದು, ಹಿಡಿದದ್ದು ಸಾಲದೆ ಮತ್ತೆ ಕೂತಳು. ಆಗ ನಾನು ಅವಳ ಮುಂಗೈಯನ್ನು ನೋಡಿದೆ. ಬಳೆಗಳು ಮೊಣಕೈಯವರೆಗೆ ಜಾರಿದ್ದವು.

ಮರುದಿನ ಅವರ ಮನೆಗೆ ಹೋದೆ. ಒಲೆಯ ಮೇಲೆ ದೊಡ್ಡ ಪಾತೇಲಿಯಲ್ಲಿ ಗಂಜಿ ಕುದಿಯುತ್ತಿತ್ತು. ಜೋಳದ ವಾಸನೆ. ಮನೆಯ ಜೋಳವೇ ನೂಲಿಗೆ ಹೋಗುತ್ತಿತ್ತು. ಬುಟ್ಟಿಯಲ್ಲಿ ಅರಿವೆಯ ಕೆಳಗೆ ಎರಡು ರೊಟ್ಟಿ ಇದ್ದವು.

‘ಇವು ಯಾರಿಗೆ?’ ಎಂದೆ ಅತ್ತೆಯನ್ನು.

‘ಮಗ್ಗದಾಗ ಕೂಡವಗ. ಕಾಲಿನ ಕೆಲಸ ತಮ್ಮಾ, ಹಸದ ಕೂತ್ರ ಕಾಲು ಏಳಂಗಿಲ್ಲ.’

‘ಬಾಣಂತಿ ಏನ ಉಣತಾಳ?’

ಮುದುಕಿ ಸೌಟಿನಿಂದ ಪಾತೇಲಿಯ ಕಡೆ ತೋರಿಸಿದಳು. ‘ನೂಲಿಗೆ ಹಚ್ಚಿ ಉಳದದ್ದು ಬಳಕೊಂಡ ಕುಡಿತೀವಿ, ಅಕಿ, ನಾನು. ನನಗೇನ, ಕಾಡು ಬಾ ಅಂತೈತಿ. ಅಕಿಗೆ ಹಾಲು ಬರವಲ್ದು.’

‘ಮೊದಲ ಹೆಂಗ ನಡೀತಿತ್ತು ಆಯಿ? ನಮ್ಮ ಹಿಟ್ಟು ಬರೋ ಮೊದಲ?’

ಮುದುಕಿ ಮಗ್ಗದ ಕಡೆ ನೋಡಿದಳು. ಮಗ ಲಾಳಿ ನಿಲ್ಲಿಸಲಿಲ್ಲ, ಬೇಡವೆಂದೂ ಹೇಳಲಿಲ್ಲ. ‘ಗಂಜಿ ಹಿಟ್ಟು ಸಾವಕಾರಂದ ಇರ್ತಿತ್ತು’ ಎಂದಳು. ‘ನೂಲಿನ ಕಟ್ಟಿನ ಜೋಡಿ ಕೊಡೂದು. ಅವರಪ್ಪನ ಕಾಲದಿಂದ ನಡದ ಬಂದಿದ್ದು. ನಿಮ್ಮ ಅಂಗಡಿ ತಗದ ತಿಂಗಳ ನಿಂತಿತು.’

ಅಲ್ಲಿಯವರೆಗೆ ನನ್ನ ತಲೆಯಲ್ಲಿದ್ದ ಲೆಕ್ಕ ಪೂರ್ತಿ ತಿರುವುಮುರುವಾಯಿತು. ನಮ್ಮ ಗೋಧಿ ಮಕ್ಕಳಿಗೂ ಹೋಗಿರಲಿಲ್ಲ, ನೇಕಾರನಿಗೂ ಹೋಗಿರಲಿಲ್ಲ. ಸಾವಕಾರನ ಖರ್ಚನ್ನು ಉಳಿಸಿತ್ತು. ಅದನ್ನು ನಿಲ್ಲಿಸಿದ ಮೇಲೆ ನೂಲಿನ ಹಸಿವು ಮನೆಯ ಜೋಳದ ಮೇಲೆ ಬಂತು. ಮನೆಯಲ್ಲಿ ಮೊದಲು ಕಡಿಮೆಯಾಗುವ ರೊಟ್ಟಿ ಯಾರದೆಂದು ಯಾರೂ ಹೇಳಬೇಕಾಗಿರಲಿಲ್ಲ.

ಸಾವಕಾರ ನನ್ನನ್ನು ಗಾದಿಯ ಮೇಲೆ ಕೂಡಿಸಿ ಚಹಾ ತರಿಸಿದ. ಮುಂದೆ ಸೀರೆಗಳ ಥಪ್ಪಿ. ಮಾತಾಡುವಾಗಲೂ ಒಂದೊಂದೇ ಸೀರೆಯ ಮೇಲೆ ಅಂಗೈ ಆಡಿಸಿ ಬದಿಗೆ ಇಡುತ್ತಿದ್ದ.

‘ಗಂಜಿ ಹಿಟ್ಟು ಕೊಡೋ ರಿವಾಜು ಇತ್ತಂತಲ್ರಿ?’ ಎಂದೆ.

‘ಇತ್ತು, ಖರೆ. ನಿಮ್ಮ ಸರಕಾರ ಕೊಡಾಕತ್ತಿತು. ಒಂದ ನೂಲಿಗೆ ಎರಡ ಗಂಜಿ ಯಾಕ್ರಿ?’

‘ನಾವು ಕೊಟ್ಟದ್ದು ಮಕ್ಕಳಿಗೆ.’

‘ನೀವು ಮಕ್ಕಳಿಗಂತ ಕೊಟ್ರಿ, ಅವರು ನೂಲಿಗೆ ಹಚ್ಚಿದ್ರು. ನನ್ನ ತಪ್ಪ ಏನೈತ್ರಿ ಇದರಾಗ?’

‘ಈಗ ನಾವು ನಿಲ್ಲಿಸೇವಿ. ನೀವು ಮತ್ತ ಸುರು ಮಾಡ್ರಿ.’

ಅವನು ಒಂದು ಸೀರೆಯ ಅಂಚನ್ನು ಬೆಳಕಿಗೆ ಹಿಡಿದು ನೋಡಿ ಕೆಳಗಿಟ್ಟ. ‘ಸಾಹೇಬ್ರ, ನೀವು ಕಲತವ್ರು. ಒಂದ ಮಾತ ಹೇಳ್ತೀನಿ. ನಡಕೋತ ಬಂದದ್ದು ನಡೆಯೋತನಕ ಧರ್ಮ. ಒಮ್ಮೆ ನಿಂತು ಮತ್ತ ಸುರು ಮಾಡಿದ್ರ ಅದು ಖರ್ಚು. ಸೀರಿ ಮಾರಾಟ ಹೆಂಗೈತಿ ಅಂತ ನಿಮಗ ಗೊತ್ತೇನ್ರಿ? ಥಪ್ಪಿ ಇಲ್ಲೇ ಬಿದ್ದೈತಿ.’

ಅವನು ಸುಳ್ಳು ಹೇಳುತ್ತಿರಲಿಲ್ಲ. ಥಪ್ಪಿ ಅಲ್ಲೇ ಬಿದ್ದಿತ್ತು. ಕಾನೂನಿನ ಪ್ರಕಾರ ಅವನನ್ನು ಕೇಳಲು ನನಗೆ ಯಾವ ಅಧಿಕಾರವೂ ಇರಲಿಲ್ಲ. ಚಹಾ ಕುಡಿದು ಎದ್ದೆ.

ಉಳಿದದ್ದು ಹಿಂದಿನ ಕೋಣೆಯ ಚೀಲಗಳು. ಜಮಖಂಡಿಗೆ ಹೋಗಿ ಅವ್ವಲ ಕಾರಕೂನರ ಮುಂದೆ ನಿಂತೆ. ತೂಕ ಏರಿದ ಮಕ್ಕಳ ಮಾತು ಬಿಟ್ಟು ಬಾಣಂತಿಯರ ಮಾತು ಆಡಿದೆ. ಅವರು ಪೂರ್ತಿ ಕೇಳಿದರು. ಅವರು ಕಲ್ಲೆದೆಯವರೇನೂ ಅಲ್ಲ.

‘ಮುಚ್ಚಿದ ಬಾಬಿನ್ಯಾಗಿನ ಹಿಟ್ಟು ಒಂದ ಚಟಾಕೂ ಹಂಚಾಕ ಬರಂಗಿಲ್ಲ’ ಎಂದರು. ‘ಮುಚ್ಚಿಸಿದವರು ನೀವ.’

‘ಬಿಜಾಪುರಕ್ಕ, ಕಲೆಕ್ಟರ ಕಚೇರಿಗೆ ಬರದ್ರ?’

‘ಬರೀರಿ. ಉತ್ತರ ಬರೋದರಾಗ ಹಿಟ್ಟಿಗೆ ನುಸಿ ಬೀಳ್ತದ.’ ಅಷ್ಟು ಹೇಳಿ ಅಡಕೆ ಕತ್ತರಿಸತೊಡಗಿದರು. ಆಮೇಲೆ ನನ್ನ ಕಡೆ ನೋಡದೆ, ‘ನುಸಿ ಬಿದ್ರ ಮಾತ್ರ ಬ್ಯಾರೆ. ತಿನ್ನಾಕ ಬರದ ಹಿಟ್ಟು ಲಿಲಾವಿಗೆ ಬರ್ತದ. ಲಿಲಾವಿನ್ಯಾಗ ಕೊಂಡವ ನೂಲಿಗರೆ ಹಚ್ಚಲಿ, ಗ್ವಾಡಿಗರೆ ಹಚ್ಚಲಿ, ಕಚೇರಿ ಕೇಳಂಗಿಲ್ಲ’ ಎಂದರು.

‘ಹಿಟ್ಟು ಛಲೋ ಅದರೀ.’

‘ಛಲೋ ಅದ ಅಂತ ನಾ ಎಲ್ಲೆ ನೋಡಿನಿ? ನೋಡಿ ಬರೆಯೋವ್ರು ನೀವು.’

ಮಕ್ಕಳಿಗೆ ಪುಷ್ಟಿಯ ಆಹಾರ ಕೊಡಲೆಂದು ನೇಮಕವಾದ ನಾನು ಒಳ್ಳೆಯ ಗೋಧಿ ಹಿಟ್ಟನ್ನು ಮನುಷ್ಯರು ತಿನ್ನಬಾರದ್ದೆಂದು ಬರೆಯಬೇಕು. ಬರೆದರೆ ಅದು ನೂಲಿಗೆ ಹೋಗುತ್ತದೆ. ನೂಲಿಗೆ ಹೋದರೆ ಮನೆಯ ಜೋಳ ಉಳಿಯುತ್ತದೆ. ಜೋಳ ಉಳಿದರೆ ಅವಳು ಉಣ್ಣುತ್ತಾಳೆ. ಬರೆಯುವುದೆಂದು ನಿಶ್ಚಯಿಸಿ ಮೊದಲು ಸಾವಕಾರನಲ್ಲಿಗೆ ಹೋದೆ. ನೇಕಾರರು ಲಿಲಾವಿನಲ್ಲಿ, ಅಂದರೆ ಹರಾಜಿನಲ್ಲಿ, ಕೂಗಿ ಕೊಳ್ಳಲಾರರು, ಕೊಳ್ಳುವವನು ಅವನೇ. ಕೊಂಡ ಹಿಟ್ಟನ್ನು ಕೂಲಿಯಲ್ಲಿ ಮುರಿದುಕೊಳ್ಳದೆ ನೂಲಿನ ಕಟ್ಟಿನ ಜೊತೆ ಹಳೆಯ ರಿವಾಜಿನಂತೆ ಕೊಡುತ್ತೇನೆಂದು ಮಾತು ಕೊಡಬೇಕೆಂದೆ.

‘ಕೊಟ್ಟೆ’ ಎಂದ. ‘ಆದ್ರ ಇದು ನಿಮ್ಮ ಹಿಟ್ಟು ಅಂತ ಓಣ್ಯಾಗ ಹೇಳಬ್ಯಾಡ್ರಿ. ನನ್ನ ರಿವಾಜು ನನ್ನ ಹೆಸರಿನ್ಯಾಗ ನಡೀಲಿ.’

ಒಪ್ಪಿದೆ. ಪಂಚರನ್ನು ಕರೆಸಿ, ಚೀಲ ಬಿಚ್ಚಿಸಿ, ಪಂಚನಾಮೆ ಮಾಡಿದೆ. ಹಿರಿಯ ಪಂಚ, ತೇರದಾಳದ ಕಡೆಯ ಒಬ್ಬ ಕಾಳಿನ ವ್ಯಾಪಾರಿ, ಹಿಡಿ ಹಿಟ್ಟನ್ನು ಮೂಸಿ ನೋಡಿ, ನಾಲಿಗೆಗೆ ಹಚ್ಚಿಕೊಂಡು, ನನ್ನ ಮುಖ ನೋಡಿದ. ‘ಕೆಟ್ಟೈತಿ ಅಂತ ಬರೀಲೇನ್ರಿ?’ ಎಂದೆ. ‘ಕೆಟ್ಟೈತೋ ಇಲ್ಲೋ, ಕೆಡಸಾಕ ಕೂತೇವಲ್ರಿ. ಬರೀರಿ’ ಎಂದು ಸಹಿ ಹಾಕಿದ.

ಲಿಲಾವಿಗೆ ಮೊದಲು ರಬಕವಿ, ಬನಹಟ್ಟಿ, ಜಮಖಂಡಿ ಚಾವಡಿಗಳಲ್ಲಿ ನೋಟೀಸು ಹಚ್ಚಬೇಕು. ನೋಟೀಸಿನ ಅವಧಿ ತುಂಬಬೇಕು. ಅವಧಿಯನ್ನು ಕಡಿಮೆ ಮಾಡುವಂತೆ ಕೇಳಿದೆ. ಅವಸರ ಕಂಡರೆ ಯಾರಾದರೂ ತಕರಾರು ಅರ್ಜಿ ಕೊಡುತ್ತಾರೆ, ಆಗ ಎಲ್ಲವೂ ನಿಲ್ಲುತ್ತದೆ ಎಂದರು ಅವ್ವಲ ಕಾರಕೂನರು. ಅದೂ ನಿಜವಿತ್ತು.

ಆ ಅವಧಿಯಲ್ಲಿ ಕೈಲಾದದ್ದನ್ನು ಮಾಡಿದೆ. ಬೀರೇಶ್ವರನ ಗುಡಿಯ ಹತ್ತಿರ ಹಟ್ಟಿ ಹಾಕಿದ್ದ ಒಬ್ಬ ಕುರುಬ ಮುದುಕನಿಗೆ ಹೇಳಿ ಕೂಸಿಗೆ ದಿನಾ ಆಡಿನ ಹಾಲು ಗೊತ್ತು ಮಾಡಿದೆ. ಅವನು ತಾನೇ ತಂಬಿಗೆ ಹಿಡಿದು ಬರುತ್ತಿದ್ದ. ‘ಹಾಲಿಗೆ ರೊಕ್ಕ ತಗೊಂಡ್ರೂ ಕೂಸಿನ ಹಾಲಿಗೆ ತಗೊಳ್ಳಾಂಗಿಲ್ರಿ’ ಎಂದ. ಕೂಸಿಗೆ ಅದು ನಿಲ್ಲಲಿಲ್ಲ, ಕುಡಿದಷ್ಟೂ ಕಕ್ಕುತ್ತಿತ್ತು. ತಾಯಿ ಕೂಸು ಇಬ್ಬರನ್ನೂ ಬಸ್ಸಿನಲ್ಲಿ ಜಮಖಂಡಿಯ ದವಾಖಾನೆಗೆ ಕರೆದೊಯ್ದೆ. ಡಾಕ್ಟರರು ಕೂಸನ್ನು ನೋಡಿದರು, ತಾಯಿಯ ಕಣ್ಣರೆಪ್ಪೆ ಎಳೆದು ನೋಡಿದರು. ‘ಇಕೀಗೆ ಉಣ್ಣಾಕ ಕೊಡ್ರಿ’ ಎಂದು ನನಗೆ ಹೇಳಿದರು, ನಾನು ಆ ಮನೆಯವನೇ ಎಂದು ತಿಳಿದು.

ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಒಂದೇ ಮಾತು ಆಡಿದಳು. ‘ಹಾಸು ಹಾಕೂದೈತ್ರಿ ನಾಳೆ. ಹೊತ್ತ ಆತು.’

ನಾನು ನನ್ನ ಮನೆಯಿಂದ ಅವಳಿಗೆ ಒಂದಿಷ್ಟು ಅಕ್ಕಿ ಬೇಳೆ ಕಳಿಸಿದೆ ಎಂದು ನೆನಪಿದೆ. ದಿನಚರಿಯಲ್ಲಿ ಅದರ ಉಲ್ಲೇಖ ಇಲ್ಲ. ನನ್ನ ಸಮಾಧಾನಕ್ಕೆ ಆಮೇಲೆ ಹುಟ್ಟಿದ ನೆನಪೂ ಇರಬಹುದು. ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಒಂದು ಬೆಳಿಗ್ಗೆ ಕೇಂದ್ರಕ್ಕೆ ಹೊರಟವನು ಓಣಿಯ ನಟ್ಟನಡುವೆ ನಡೆಯುತ್ತಿದ್ದೆ. ಸ್ವಲ್ಪ ದೂರ ಹೋದ ಮೇಲೆ ಅದು ಗಮನಕ್ಕೆ ಬಂತು. ಕವೆಗೋಲುಗಳು ಗೋಡೆಗೆ ಒರಗಿದ್ದವು. ನೂಲು ಇರಲಿಲ್ಲ. ಮಗ್ಗಗಳ ಸದ್ದಿರಲಿಲ್ಲ. ಆ ಮನೆಯ ಮುಂದೆ ಗಂಡಸರು ತಲೆಗೆ ಅರಿವೆ ಕಟ್ಟಿಕೊಂಡು ಕೂತಿದ್ದರು. ಕೂಸಿನ ಮಣ್ಣಿಗೆ ಹೆಚ್ಚು ಜನ ಬೇಕಾಗುವುದಿಲ್ಲ, ಆದರೆ ಎಲ್ಲರೂ ಬಂದಿದ್ದರು. ಮುದುಕಿ ನನ್ನನ್ನು ಕಂಡು, ‘ಒಳಗ ಹೋಗಬ್ಯಾಡ ತಮ್ಮಾ, ಅಕಿ ಮಲಗ್ಯಾಳ’ ಎಂದಳು. ಗಂಡ ಕೂಸನ್ನು ಹೆಗಲ ಮೇಲೆ ಒಂದು ಸಣ್ಣ ಗಂಟಿನಂತೆ ಎತ್ತಿಕೊಂಡು ಹೊಳೆಯ ಕಡೆ ನಡೆದ. ನೇಕಾರರು ನೇಯ್ದ ಬಟ್ಟೆಯನ್ನೇ ಅದಕ್ಕೆ ಸುತ್ತಿದ್ದರು.

ನೋಟೀಸಿನ ಅವಧಿ ತುಂಬಿತು. ಲಿಲಾವು ಯಾವ ತಕರಾರೂ ಇಲ್ಲದೆ ನಡೆಯಿತು. ಸಾವಕಾರ ಕೂಗಿದ, ಎದುರು ಕೂಗಿದವರು ಯಾರೂ ಇರಲಿಲ್ಲ. ಎತ್ತಿನ ಗಾಡಿಯಲ್ಲಿ ಚೀಲಗಳು ಹೋದವು. ಅವನು ಮಾತಿಗೆ ತಪ್ಪಲಿಲ್ಲ. ಮರುವಾರದಿಂದಲೇ ನೂಲಿನ ಕಟ್ಟಿನ ಜೊತೆ ಹಿಟ್ಟಿನ ಪುಡಿಕೆ ಹೋಗತೊಡಗಿತು. ಓಣಿಯಲ್ಲಿ ಅವನನ್ನು ಹರಸುವುದನ್ನು ನಾನೇ ಕೇಳಿದೆ. ಚೀಲಗಳು ಇರುವಷ್ಟು ದಿನ ಅದು ನಡೆಯಿತು. ಆಮೇಲಿನದು ನನಗೆ ಗೊತ್ತಿಲ್ಲ, ಅಷ್ಟರಲ್ಲಿ ನನ್ನನ್ನು ಮುಧೋಳಕ್ಕೆ ಹಾಕಿದ್ದರು, ಅಲ್ಲಿ ಉಂಡಿ ಸುರು ಮಾಡಲು.

ಮುಧೋಳಕ್ಕೆ ಹೊರಡುವ ಮೊದಲು ರಬಕವಿಯಲ್ಲಿ ಕೊನೆಯ ಸಲ ಮಕ್ಕಳನ್ನು ತೂಗುವ ದಿನ ಅವಳು ಬಂದಳು. ಹುಡುಗನನ್ನು ಸಾಲಿನಲ್ಲಿ ಕೂಡಿಸಿ, ಎಂದಿನಂತೆ ಗೋಡೆಯ ಹತ್ತಿರ ಹೋಗದೆ ನನ್ನ ಮೇಜಿನ ಮುಂದೆ ನಿಂತಳು. ಸೆರಗಿನ ತುದಿಯ ಗಂಟು ಬಿಚ್ಚಿದಳು. ಹಿಡಿ ಹಿಟ್ಟು.

‘ಸಾವಕಾರ ಗಂಜಿಗಂತ ಕೊಟ್ಟಾನ್ರಿ’ ಎಂದಳು. ‘ಕೆಟ್ಟ ಹಿಟ್ಟು, ಬಾಯಾಗ ಹಾಕ್ಕೋಬ್ಯಾಡ್ರಿ ಅಂತ ಹೇಳಿದ. ನಾ ಒಂದ ಚಪಾತಿ ಮಾಡಿ ತಿಂದ ನೋಡಿದೆ. ಕೆಟ್ಟಿಲ್ರಿ ಇದು.’

‘ಹೌದು’ ಎಂದೆ.

‘ಇದು ನಮಗ ಮೊದಲ ಕೊಡತಿದ್ರಲ್ಲಾ, ಅದ ಹಿಟ್ಟು ಹೌದಲ್ರಿ?’

‘ಹೌದು.’

‘ಕೆಟ್ಟಿಲ್ಲಂತ ನಿಮಗ ಗೊತ್ತಿತ್ತೇನ್ರಿ?’

‘ಗೊತ್ತಿತ್ತು.’

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ತಿಳಿದುಕೊಳ್ಳಲು ಕೇಳುತ್ತಿದ್ದಳು. ‘ಇಷ್ಟ ದಿನ ಎಲ್ಲಿ ಇತ್ರಿ?’

ಬಾಬು, ಹುಕುಮು, ಪಂಚನಾಮೆ, ನೋಟೀಸು, ಇವುಗಳಲ್ಲಿ ಯಾವುದರಿಂದ ಸುರು ಮಾಡಬೇಕೆಂದು ತಿಳಿಯಲಿಲ್ಲ. ನಾನು ಕೈಯೆತ್ತಿ ಹಿಂದಿನ ಕೋಣೆಯ ಕಡೆ ತೋರಿಸಿದೆ. ಅವಳು ಆ ಕಡೆ ತಿರುಗಿದಳು. ನಡುವಿನ ಮಣ್ಣಿನ ಗೋಡೆಯನ್ನು, ಅವಳು ಕೂಸನ್ನು ಮಡಿಲಲ್ಲಿಟ್ಟುಕೊಂಡು ಒರಗುತ್ತಿದ್ದ ಜಾಗವನ್ನು, ಬಹಳ ಹೊತ್ತು ನೋಡಿದಳು.

‘ಈ ಗ್ವಾಡಿ ಹಿಂದ?’ ಎಂದಳು.

ನಾನು ತಲೆಯಾಡಿಸಿದೆ.

ಅವಳು ಹಿಟ್ಟನ್ನು ಮತ್ತೆ ಸೆರಗಿಗೆ ಸುರುವಿಕೊಂಡು, ಒಂದು ಕಣವೂ ಮೇಜಿನ ಮೇಲೆ ಉಳಿಯದಂತೆ ಬೆರಳಿನಿಂದ ಬಳಿದು, ಗಂಟು ಹಾಕಿಕೊಂಡಳು. ಹುಡುಗನ ಕೈಯಲ್ಲಿ ಅರ್ಧ ಉಂಡಿ ಉಳಿದಿತ್ತು. ಅವನನ್ನು ಎತ್ತಿ ತಕ್ಕಡಿಯ ಬುಟ್ಟಿಯಲ್ಲಿ ಕೂಡಿಸಿದಳು.

‘ಇವನ್ನ ತೂಗ್ರಿ’ ಎಂದಳು.

ತೂಗಿದೆ. ಏರಿತ್ತು.